ಟಿವಿ ರೆಕಾರ್ಡಿಂಗ್‌ಗೆ ಕಡಿಮೆ ಕರೆಂಟಿನ ಕಂಪ್ಯೂಟರ್: ರಾಸ್ಪ್‌ಬೆರಿ ಪೈ, ಎನ್100, ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, ಯಾವುದು ತಗೊಳ್ಳೋಣ?

ಟಿವಿ ರೆಕಾರ್ಡ್ ಮಾಡೋಕೆ ಕಂಪ್ಯೂಟರ್‌ಗೆ ಜಾಸ್ತಿ ಬಲ ಬೇಕಿಲ್ಲ. ಈ ಮಾತು ಮನಸ್ಸಿಗೆ ಬಂದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ಡಿಶ್‌ಗೆ ಬರುವ ಚಾನೆಲ್ ಡಿಜಿಟಲ್ ಆಗಿ, ಮೊದಲೇ ಕುಗ್ಗಿಸಿ ಬಂದಿರುತ್ತದೆ. ಟ್ಯೂನರ್ ಅನ್ನುವ ಉಪಕರಣ ಅದನ್ನು ಹಿಡಿದು ಕೊಡುತ್ತದೆ. ಕಂಪ್ಯೂಟರ್ ಅದನ್ನು ಹಾಗೇ ಡಿಸ್ಕಿಗೆ ಬರೆಯುತ್ತದೆ, ಅಷ್ಟೇ. ಒಂದು ಸಾಮಾನ್ಯ ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ಇದ್ದರೆ ಗಂಟೆಗೆ ಸುಮಾರು 1.35 ಜಿಬಿ ಆಗುತ್ತದೆ. 8 ಮೆಗಾಬಿಟ್‌ನ ಎಚ್‌ಡಿ ಚಾನೆಲ್ ಆದರೆ 3.6 ಜಿಬಿ. ಅಂಥ ನಾಲ್ಕು ಎಚ್‌ಡಿ ಚಾನೆಲ್ ಒಟ್ಟಿಗೆ ರೆಕಾರ್ಡ್ ಆದರೂ ಡಿಸ್ಕಿಗೆ ಹೋಗುವುದು ಸೆಕೆಂಡಿಗೆ 4 ಎಂಬಿ ಮಾತ್ರ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಡಿಸ್ಕ್ ಕೂಡ ಇದನ್ನು ಆರಾಮಾಗಿ ಮಾಡುತ್ತದೆ.

ಹಾಗಾದರೆ ಬಲ ಎಲ್ಲಿ ಬೇಕು? ರೆಕಾರ್ಡ್ ಆದದ್ದನ್ನು ಪರದೆಯ ಮೇಲೆ ಚೆನ್ನಾಗಿ ತೋರಿಸುವಾಗ ಸ್ವಲ್ಪ ಬೇಕು. ಫೈಲನ್ನು ಬೇರೆ ರೂಪಕ್ಕೆ ಬದಲಿಸಿ ಮೊಬೈಲಿಗೆ ಕಳಿಸುವಾಗ ಇನ್ನೂ ಸ್ವಲ್ಪ ಬೇಕು. ಆದರೆ ಈ ಯಂತ್ರ ದಿನದ 24 ಗಂಟೆಯೂ ಆನ್ ಆಗಿರುತ್ತದೆ. ಅದರಲ್ಲಿ ಇಪ್ಪತ್ತು ಗಂಟೆ ಸುಮ್ನೆ ಕೂತಿರುತ್ತದೆ. ಆ ಸುಮ್ನೆ ಕೂತ ಹೊತ್ತಿನಲ್ಲಿ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದೇ ಮುಖ್ಯ. ಅದಕ್ಕೇ ನಾನು ಪ್ರೊಸೆಸರ್‌ನಿಂದ ಶುರು ಮಾಡುವುದಿಲ್ಲ. ಮೊದಲು ಸಿಗ್ನಲ್, ಆಮೇಲೆ ಟ್ಯೂನರ್, ಆಮೇಲೆ ಕರೆಂಟ್. ಪ್ರೊಸೆಸರ್ ಕೊನೆಗೆ. ತಲೆಬರಹದಲ್ಲಿರುವ ರಾಸ್ಪ್‌ಬೆರಿ ಪೈ ಅಂದರೆ ಒಂದೇ ಸಣ್ಣ ಬೋರ್ಡಿನ ಕಂಪ್ಯೂಟರ್. ಎನ್100 ಅಂದರೆ ಮಿನಿ ಪಿಸಿಗಳಲ್ಲಿ ಬರುವ ಇಂಟೆಲ್ ಪ್ರೊಸೆಸರ್.

ನಿಮ್ಮ ಮನೆಗೆ ಬರುವ ಸಿಗ್ನಲ್ ಯಾವುದು?

ಕರ್ನಾಟಕದಲ್ಲಿ ಇದಕ್ಕೆ ಸರಳ ಉತ್ತರ ಡಿಡಿ ಫ್ರೀ ಡಿಶ್. ಪ್ರಸಾರ ಭಾರತಿಯ ಈ ಸೇವೆ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನುವ ಹೆಸರಲ್ಲಿ ಶುರುವಾಯಿತು. ಈಗ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ ಕೆಯು ಬ್ಯಾಂಡ್‌ನಲ್ಲಿ ಬರುತ್ತದೆ. ತಿಂಗಳ ಬಾಡಿಗೆ ಇಲ್ಲ. ಚಂದನ, ದೂರದರ್ಶನದ ಬೇರೆ ಚಾನೆಲ್‌ಗಳು, ಆಕಾಶವಾಣಿಯ ರೇಡಿಯೋ, ಕೆಲವು ಖಾಸಗಿ ಚಾನೆಲ್‌ಗಳು ಇದರಲ್ಲಿವೆ. ಲಾಕ್ ಇಲ್ಲದ ಚಾನೆಲ್‌ಗಳನ್ನು ಕಂಪ್ಯೂಟರ್ ಟ್ಯೂನರ್ ನೇರವಾಗಿ ಹಿಡಿಯುತ್ತದೆ. ಲಾಕ್ ಮಾಡಿ ಕಳಿಸುವ ಚಾನೆಲ್ ಇದ್ದರೆ ಅದು ಅಧಿಕೃತ ಸೆಟ್ ಟಾಪ್ ಬಾಕ್ಸ್‌ನಲ್ಲೇ ಬರಬೇಕು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಣ ಕೊಟ್ಟು ನೋಡುವ ಡಿಟಿಎಚ್ ಇದ್ದರೆ ಕಥೆ ಬೇರೆ. ಅಲ್ಲಿ ಚಾನೆಲ್‌ಗಳೆಲ್ಲ ಎನ್‌ಕ್ರಿಪ್ಟ್ ಆಗಿರುತ್ತವೆ. ಆ ಕಂಪನಿಯ ಕಾರ್ಡನ್ನು ತಂದು ನಿಮ್ಮ ಕಂಪ್ಯೂಟರ್ ಟ್ಯೂನರ್‌ಗೆ ಹಾಕಿ ನೋಡುವ ನೇರ ದಾರಿ ಇಲ್ಲ. ಬಾಕ್ಸಿನ ಎಚ್‌ಡಿಎಂಐ ತಂತಿಯಿಂದ ರೆಕಾರ್ಡ್ ಮಾಡೋಣ ಅಂದರೆ ಎಚ್‌ಡಿಸಿಪಿ ಅನ್ನುವ ರಕ್ಷಣೆ ಅಡ್ಡ ಬರುತ್ತದೆ. ಕೇಬಲ್ ಕೂಡ ಡಿಜಿಟಲ್ ಆದ ಮೇಲೆ ಇದೇ ಪರಿಸ್ಥಿತಿ. ನಿಮಗೆ ಬೇಕಾದ್ದೆಲ್ಲ ಹಣ ಕೊಡುವ ಚಾನೆಲ್‌ಗಳೇ ಆಗಿದ್ದರೆ ಈ ಕಂಪ್ಯೂಟರ್ ಕಟ್ಟುವ ಗೋಜಿಗೆ ಹೋಗಬೇಡಿ. ಆ ಕಂಪನಿಯೇ ಕೊಡುವ ರೆಕಾರ್ಡಿಂಗ್ ಬಾಕ್ಸ್ ತಗೊಳ್ಳಿ. ಚಂದಾ ನಿಂತರೆ ರೆಕಾರ್ಡ್ ಆದದ್ದೂ ನೋಡೋಕೆ ಸಿಗದೇ ಹೋಗಬಹುದು ಅನ್ನುವುದು ಮಾತ್ರ ಗೊತ್ತಿರಲಿ.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಯುಎಸ್‌ಬಿ ಟಿವಿ ಸ್ಟಿಕ್‌ಗಳಲ್ಲಿ ಹೆಚ್ಚಿನವು ಡಿವಿಬಿ-ಟಿ ಅಥವಾ ಡಿವಿಬಿ-ಟಿ2 ಸ್ಟಿಕ್‌ಗಳು. ಅವು ನೆಲದ ಮೇಲಿನ ಟವರ್‌ನಿಂದ ಬರುವ ಸಿಗ್ನಲ್‌ಗೆ. ಡಿಶ್‌ಗೆ ಪ್ರಯೋಜನವಿಲ್ಲ. ದೂರದರ್ಶನ 2016ರಲ್ಲಿ ಬೆಂಗಳೂರು ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಪ್ರಸಾರ ಶುರು ಮಾಡಿತ್ತು ನಿಜ. ಆದರೆ ಅದನ್ನೇ ನಂಬಿ ಯಂತ್ರ ಕಟ್ಟುವುದು ಬೇಡ. ಡಿಶ್‌ಗೆ ಬೇಕಾದದ್ದು ಡಿವಿಬಿ-ಎಸ್2 ಟ್ಯೂನರ್. ಪೆಟ್ಟಿಗೆಯ ಮೇಲೆ ಆ ‘ಎಸ್’ ಅಕ್ಷರ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ.

ಟ್ಯೂನರ್: ಇಲ್ಲಿ ಜಿಪುಣತನ ಬೇಡ

ಟ್ಯೂನರ್ ಮೂರು ರೂಪದಲ್ಲಿ ಸಿಗುತ್ತದೆ. ಕಂಪ್ಯೂಟರ್ ಒಳಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಹೊರಗಿಂದ ಚುಚ್ಚುವ ಯುಎಸ್‌ಬಿ ಪೆಟ್ಟಿಗೆ. ನೆಟ್‌ವರ್ಕ್ ತಂತಿಯಲ್ಲಿ ಚಾನೆಲ್ ಕಳಿಸುವ ಸ್ಯಾಟ್ ಐಪಿ ಪೆಟ್ಟಿಗೆ.

ಕಾರ್ಡ್ ಗಟ್ಟಿ, ಸ್ಥಿರ. ಒಂದೇ ಕಾರ್ಡಿನಲ್ಲಿ ಎರಡು, ನಾಲ್ಕು, ಎಂಟು ಟ್ಯೂನರ್ ಕೂಡ ಸಿಗುತ್ತವೆ. ಆದರೆ ಅದನ್ನು ಹಾಕೋಕೆ ಜಾಗ ಇರುವ ಕಂಪ್ಯೂಟರ್ ಬೇಕು. ಅಂಗೈಯಗಲದ ಹೆಚ್ಚಿನ ಮಿನಿ ಪಿಸಿಗಳಲ್ಲಿ ಆ ಜಾಗ ಇರುವುದಿಲ್ಲ. ಹಾಗಾಗಿ ‘ನನಗೆ ಕಾರ್ಡೇ ಬೇಕು’ ಅಂದ ತಕ್ಷಣ ಕಂಪ್ಯೂಟರ್‌ನ ಆಯ್ಕೆಯೂ ಅರ್ಧ ಮುಗಿದ ಹಾಗೆ.

ಯುಎಸ್‌ಬಿ ಟ್ಯೂನರ್ ಯಾವ ಯಂತ್ರಕ್ಕಾದರೂ ಹೊಂದುತ್ತದೆ. ಮುಂದೆ ಕಂಪ್ಯೂಟರ್ ಬದಲಿಸಿದರೂ ಟ್ಯೂನರ್ ಉಳಿಯುತ್ತದೆ. ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಬೇಕಲ್ಲ, ಅದಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಲದು. ಅದಕ್ಕಾಗಿ ಇವುಗಳ ಜೊತೆ ಸಾಮಾನ್ಯವಾಗಿ ಬೇರೆಯೇ ಒಂದು ಅಡಾಪ್ಟರ್ ಬರುತ್ತದೆ. ಇನ್ನೊಂದು ಪ್ಲಗ್ ಪಾಯಿಂಟ್ ಬೇಕು ಅನ್ನುವುದನ್ನು ಮೊದಲೇ ಯೋಚಿಸಿಡಿ.

ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಬಳಸುವವರು ಡ್ರೈವರ್, ಅಂದರೆ ಟ್ಯೂನರನ್ನು ಓಡಿಸುವ ತಂತ್ರಾಂಶದ ವಿಷಯವನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಕೆಲವು ಟ್ಯೂನರ್‌ಗಳ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗೇ ಇರುತ್ತದೆ. ಡಿವಿಬಿಸ್ಕೈ ಎಸ್960 ಅಂಥದ್ದು. ಟಿಬಿಎಸ್ ಕಂಪನಿಯ ಬಹಳಷ್ಟು ಟ್ಯೂನರ್‌ಗಳಿಗೆ ಡ್ರೈವರನ್ನು ಪ್ರತ್ಯೇಕವಾಗಿ ಕಂಪೈಲ್ ಮಾಡಿ ಹಾಕಬೇಕು. ಟ್ಯೂನರ್ ಚೆನ್ನಾಗಿಯೇ ಇರುತ್ತದೆ. ಆದರೆ ಕರ್ನೆಲ್ ಅಪ್‌ಡೇಟ್ ಆದ ಪ್ರತಿ ಸಲ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಇಲ್ಲದಿದ್ದರೆ ಆ ದಿನ ರಾತ್ರಿಯ ರೆಕಾರ್ಡಿಂಗ್ ಇಲ್ಲ. ಮನೆಮಂದಿಯೆಲ್ಲ ನಂಬಿಕೊಂಡಿರುವ ಯಂತ್ರದಲ್ಲಿ ಇದು ಸಣ್ಣ ತೊಂದರೆ ಅಲ್ಲ. ಲಿಬ್ರೆಎಲೆಕ್‌ನಂಥ ಸಿದ್ಧ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥ ಡ್ರೈವರ್‌ಗಳನ್ನು ಸೇರಿಸಿಕೊಳ್ಳುವ ದಾರಿ ಇರುತ್ತದೆ. ನಿಮ್ಮ ಮಾಡೆಲ್ ಹೆಸರು ಅವರ ಪಟ್ಟಿಯಲ್ಲಿ ಇದೆಯಾ ಅಂತ ಕೊಳ್ಳುವ ಮೊದಲೇ ನೋಡಿ.

ಸ್ಯಾಟ್ ಐಪಿ ನನಗೆ ತುಂಬಾ ಇಷ್ಟವಾದ ವಿಧಾನ. ಎಸ್‌ಇಎಸ್, ಬಿಸ್ಕೈಬಿ, ಕ್ರಾಫ್ಟ್‌ವರ್ಕ್ ಸೇರಿ ರೂಪಿಸಿದ ಮಾನಕ ಇದು. ಡಿಶ್ ತಂತಿ ಮೆಟ್ಟಿಲ ಬಳಿಯ ಪೆಟ್ಟಿಗೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮನೆಯೊಳಗೆ ಬರೀ ನೆಟ್‌ವರ್ಕ್ ತಂತಿ. ಹಾಲ್‌ನಲ್ಲಿರುವ ಯಂತ್ರ ಯಾವುದಾದರೂ ಆಗಬಹುದು. ಇಂಥ ಪೆಟ್ಟಿಗೆಗಳು ಯುರೋಪಿನಲ್ಲಿ ಬಳಕೆಯಲ್ಲಿವೆ. ನಮ್ಮಲ್ಲಿಗೆ ಹೊರಗಿಂದ ತರಿಸಬೇಕಾಗುತ್ತದೆ, ಬೆಲೆ ಏರುತ್ತದೆ. ಆದರೆ ಮಿನಿಸ್ಯಾಟ್‌ಐಪಿ ಅನ್ನುವ ಉಚಿತ ತಂತ್ರಾಂಶ ಇದೆ. ಒಂದು ಸಣ್ಣ ರಾಸ್ಪ್‌ಬೆರಿ ಪೈ ಮತ್ತು ಯುಎಸ್‌ಬಿ ಟ್ಯೂನರ್ ಇದ್ದರೆ ಅದೇ ಸ್ಯಾಟ್ ಐಪಿ ಪೆಟ್ಟಿಗೆ ಆಗುತ್ತದೆ.

ಎಷ್ಟು ಟ್ಯೂನರ್ ಬೇಕು? ಹೆಚ್ಚಿನ ಮನೆಗಳಿಗೆ ಎರಡು ಸಾಕು. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ, ಅಂದರೆ ಒಂದು ಪ್ರಸಾರ ತರಂಗದಲ್ಲಿ, ಹಲವು ಚಾನೆಲ್ ಒಟ್ಟಿಗೆ ಬರುತ್ತವೆ. ಟಿವಿಹೆಡ್‌ಎಂಡ್‌ನಂಥ ತಂತ್ರಾಂಶ ಒಂದೇ ಟ್ಯೂನರ್‌ನಿಂದ ಅವೆಲ್ಲವನ್ನೂ ಒಂದೇ ಸಲ ರೆಕಾರ್ಡ್ ಮಾಡಬಲ್ಲದು. ಬೇರೆ ಟ್ರಾನ್ಸ್‌ಪಾಂಡರ್‌ನ ಚಾನೆಲ್ ಬೇಕಾದಾಗ ಮಾತ್ರ ಎರಡನೇ ಟ್ಯೂನರ್ ಕೆಲಸಕ್ಕೆ ಬರುತ್ತದೆ. ಎರಡು ಟ್ಯೂನರ್ ಹಾಕುವುದಾದರೆ ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿಸಿ, ಎರಡು ತಂತಿ ಇಳಿಸಿ. ಒಂದೇ ತಂತಿಯನ್ನು ಸ್ಪ್ಲಿಟ್ಟರ್‌ನಿಂದ ಸೀಳಿದರೆ ಎರಡು ಟ್ಯೂನರ್‌ಗಳು ಬೇರೆ ಬೇರೆ ವೋಲ್ಟೇಜ್ ಕೇಳಿದಾಗ ಒಂದು ಕೈಕೊಡುತ್ತದೆ.

ಕರೆಂಟಿನ ಲೆಕ್ಕ

ಒಂದು ವಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಈ ಒಂದು ಸಂಖ್ಯೆ ಇಟ್ಟುಕೊಂಡರೆ ಉಳಿದದ್ದೆಲ್ಲ ಬಾಯಿಲೆಕ್ಕ. ಹಳೆಯ ದೊಡ್ಡ ಡೆಸ್ಕ್‌ಟಾಪ್ ಸುಮ್ನೆ ಕೂತಾಗಲೂ 60 ವಾಟ್ ಎಳೆದರೆ ವರ್ಷಕ್ಕೆ 525 ಯೂನಿಟ್. ತಿಂಗಳಿಗೆ ಸುಮಾರು 44. ಅದೇ ಜಾಗದಲ್ಲಿ 8 ವಾಟಿನ ಮಿನಿ ಪಿಸಿ ಇಟ್ಟರೆ ವರ್ಷಕ್ಕೆ 70 ಯೂನಿಟ್, ತಿಂಗಳಿಗೆ ಆರು ಕೂಡ ಇಲ್ಲ. ಯೂನಿಟ್‌ಗೆ ಏಳು ರೂಪಾಯಿ ಅಂತ ಹಿಡಿದರೆ ಒಂದಕ್ಕೆ ವರ್ಷಕ್ಕೆ 3,700 ರೂಪಾಯಿ ಹತ್ತಿರ, ಇನ್ನೊಂದಕ್ಕೆ 500. ‘ಹಳೇ ಡೆಸ್ಕ್‌ಟಾಪ್ ಹೇಗೂ ಮೂಲೆಯಲ್ಲಿ ಬಿದ್ದಿದೆ, ಅದನ್ನೇ ಬಳಸೋಣ’ ಅನ್ನುವವರು ಇದನ್ನು ನೋಡಬೇಕು.

ಗೃಹಜ್ಯೋತಿ ಇರುವ ಮನೆಗಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮಿತಿ ಹಾಕಿದರು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಸರಾಸರಿ 100 ಯೂನಿಟ್ ಇದ್ದರೆ ಮಿತಿ 110. ಆರು ಯೂನಿಟ್ ತಿನ್ನುವ ಮಿನಿ ಪಿಸಿ ಆ ಹತ್ತರೊಳಗೆ ಕೂರುತ್ತದೆ. 44 ಯೂನಿಟ್ ತಿನ್ನುವ ಡೆಸ್ಕ್‌ಟಾಪ್ ಮಿತಿಯನ್ನು ಒಡೆದು ಆಚೆ ಹೋಗುತ್ತದೆ. ಈಗಾಗಲೇ 170ರ ಆಸುಪಾಸಿನಲ್ಲಿರುವ ಮನೆಯಾದರೆ 200 ದಾಟಿಸುವುದೇ ಆ ಯಂತ್ರ ಆಗಬಹುದು.

ಇಲ್ಲಿ ಬಹಳ ಜನ ಒಂದು ಸಂಖ್ಯೆಯನ್ನು ತಪ್ಪಾಗಿ ಓದುತ್ತಾರೆ. ಅದು ಟಿಡಿಪಿ. ಇಂಟೆಲ್ ಎನ್100ರ ಟಿಡಿಪಿ 6 ವಾಟ್. ಹಳೆಯ ಆಫೀಸ್ ಪಿಸಿಗಳಲ್ಲಿರುವ ಐ5-8500ಟಿಯದ್ದು 35 ವಾಟ್. ನೋಡಿದರೆ ಆರು ಪಟ್ಟು ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಆದರೆ ಅದು ಚಿಪ್ ಸತತವಾಗಿ ದುಡಿಯುವಾಗಿನ ಶಾಖದ ಲೆಕ್ಕ. ಸುಮ್ನೆ ಕೂತಾಗ ಎನ್100 ಪೆಟ್ಟಿಗೆ ಗೋಡೆಯ ಪ್ಲಗ್‌ನಿಂದ ಎಳೆಯುವುದು ಸುಮಾರು 6ರಿಂದ 10 ವಾಟ್. ಆ ಆಫೀಸ್ ಪಿಸಿ ಸುಮಾರು 8ರಿಂದ 15. ಐದು ವಾಟ್ ವ್ಯತ್ಯಾಸ ಅಂದರೆ ವರ್ಷಕ್ಕೆ 44 ಯೂನಿಟ್, ಮುನ್ನೂರು ರೂಪಾಯಿ ಚಿಲ್ಲರೆ. ಅಷ್ಟಕ್ಕಾಗಿ ಸಾವಿರಾರು ರೂಪಾಯಿ ಜಾಸ್ತಿ ಕೊಡುವುದರಲ್ಲಿ ಅರ್ಥವಿಲ್ಲ.

ಟ್ಯೂನರ್ ಮತ್ತು ಎಲ್‌ಎನ್‌ಬಿಯ ಕರೆಂಟನ್ನೂ ಸೇರಿಸಿ. ಇವೆರಡೇ ಕೆಲವು ವಾಟ್ ಎಳೆಯುತ್ತವೆ. ಯಾವ ಕಂಪ್ಯೂಟರ್ ಇಟ್ಟರೂ ಈ ಭಾಗ ಬದಲಾಗಲ್ಲ. ಟಿವಿಹೆಡ್‌ಎಂಡ್‌ನಲ್ಲಿ ಟ್ಯೂನರ್ ಬಳಕೆಯಲ್ಲಿ ಇಲ್ಲದಾಗ ಎಲ್‌ಎನ್‌ಬಿಗೆ ಹೋಗುವ ಕರೆಂಟ್ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ. ಪ್ಲಗ್‌ಗೆ ಚುಚ್ಚುವ ಸಣ್ಣ ವಾಟ್ ಮೀಟರ್ ಒಂದನ್ನು ತಂದಿಟ್ಟುಕೊಳ್ಳಿ. ಆಮೇಲೆ ಯಾರ ಮಾತನ್ನೂ ನಂಬಬೇಕಾಗಿಲ್ಲ.

ರಾಸ್ಪ್‌ಬೆರಿ ಪೈ 4 ಮತ್ತು 5

ಸುಮ್ನೆ ಕೂತಾಗ ಮೂರು ವಾಟ್ ಆಸುಪಾಸು. ಇದಕ್ಕಿಂತ ಕಡಿಮೆ ಎಳೆಯುವ ಯಂತ್ರ ಈ ಪಟ್ಟಿಯಲ್ಲಿ ಬೇರೆ ಇಲ್ಲ. ಕರೆಂಟ್ ಹೋಗಿ ಬಂದರೆ ತಾನಾಗಿಯೇ ಶುರುವಾಗುತ್ತದೆ. ಎಚ್‌ಡಿಎಂಐ ಸಿಇಸಿ ಇರುವುದರಿಂದ ಟಿವಿಯ ರಿಮೋಟ್‌ನಿಂದಲೇ ಕೋಡಿ ಅನ್ನುವ, ರೆಕಾರ್ಡಿಂಗ್ ನೋಡುವ ತಂತ್ರಾಂಶವನ್ನು ಓಡಿಸಬಹುದು.

ಹೊಸದು ಯಾವಾಗಲೂ ಮೇಲು ಅಂದುಕೊಂಡು ಪೈ 5 ತಗೊಳ್ಳುವವರು ಸ್ವಲ್ಪ ನಿಲ್ಲಿ. 2019ರ ಪೈ 4ರಲ್ಲಿ ವಿಡಿಯೋ ಕುಗ್ಗಿಸುವ ವಿಧಾನಗಳಾದ ಎಚ್.264 ಮತ್ತು ಎಚ್.265 ಎರಡನ್ನೂ ಬಿಡಿಸುವ ಹಾರ್ಡ್‌ವೇರ್ ಡಿಕೋಡರ್ ಇದೆ. 2023ರ ಪೈ 5ರಲ್ಲಿ ಎಚ್.265ಕ್ಕೆ ಮಾತ್ರ. ಎಚ್.264 ಅನ್ನು ಅದು ಪ್ರೊಸೆಸರ್ ಬಲದಿಂದಲೇ ಬಿಡಿಸುತ್ತದೆ. ಪ್ರೊಸೆಸರ್ ವೇಗವಾಗಿರುವುದರಿಂದ ಚಿತ್ರ ಓಡುತ್ತದೆ, ಸಮಸ್ಯೆಯಿಲ್ಲ. ಫ್ರೀ ಡಿಶ್‌ನ ಎಂಪೆಗ್-2 ಚಾನೆಲ್‌ಗಳನ್ನಂತೂ ಎರಡೂ ಪ್ರೊಸೆಸರ್‌ನಿಂದಲೇ ಸುಲಭವಾಗಿ ಬಿಡಿಸುತ್ತವೆ. ಆದರೆ ಟಿವಿ ಪ್ರಸಾರಕ್ಕೆ ಅಂತಲೇ ನೋಡಿದರೆ ಪೈ 5 ದೊಡ್ಡ ಹೆಜ್ಜೆ ಮುಂದೆ ಅನ್ನುವಂತಿಲ್ಲ. ಅದರಲ್ಲಿ ಗಡಿಯಾರದ ಚಿಪ್ ಇದೆ, ನಿಗದಿತ ಹೊತ್ತಿಗೆ ತಾನೇ ಎದ್ದು ರೆಕಾರ್ಡ್ ಮಾಡಿಸಬಹುದು. ಪೈ 4ರಲ್ಲಿ ಅದಿಲ್ಲ, ಸದಾ ಆನ್ ಇರಬೇಕು. ಮೂರು ವಾಟ್ ಆದ್ದರಿಂದ ಇರಲಿ ಬಿಡಿ.

ಪೈನ ದೌರ್ಬಲ್ಯ ಯುಎಸ್‌ಬಿ ಕರೆಂಟ್. ಪೈ 4ರ ಎಲ್ಲ ಯುಎಸ್‌ಬಿ ಕಿಂಡಿಗಳೂ ಸೇರಿ 1.2 ಆಂಪ್ ಮಾತ್ರ ಕೊಡುತ್ತವೆ. ಪೈ 5ಕ್ಕೆ ಅದರದೇ 5 ಆಂಪಿನ ಅಡಾಪ್ಟರ್ ಹಾಕಿದರೆ 1.6 ಆಂಪ್. 3 ಆಂಪಿನ ಹಳೆಯ ಅಡಾಪ್ಟರ್ ಹಾಕಿದರೆ 0.6ಕ್ಕೆ ಇಳಿಯುತ್ತದೆ. ಒಂದು ಹಾರ್ಡ್ ಡಿಸ್ಕ್, ಒಂದು ಟ್ಯೂನರ್ ಚುಚ್ಚಿದರೆ ಅಲ್ಲಿಗೆ ಮಿತಿ ಮುಗಿಯಿತು. ರೆಕಾರ್ಡಿಂಗ್ ಮಧ್ಯೆ ಮಧ್ಯೆ ತುಂಡಾಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿದರೆ ಪರಿಹಾರ.

ಇನ್ನೊಂದು ಮಾತು. ಪೈ ಬೋರ್ಡ್ ಒಂದರ ಬೆಲೆ ನೋಡಿ ಅಗ್ಗ ಅಂದುಕೊಳ್ಳಬೇಡಿ. ಅಡಾಪ್ಟರ್, ಪೆಟ್ಟಿಗೆ, ತಂಪು ಮಾಡುವ ಲೋಹದ ಹೊದಿಕೆ, ಮೆಮೊರಿ ಕಾರ್ಡ್, ಮೈಕ್ರೋ ಎಚ್‌ಡಿಎಂಐ ತಂತಿ ಎಲ್ಲ ಸೇರಿದ ಮೇಲೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಯ ಹತ್ತಿರ ಬಂದು ನಿಲ್ಲುತ್ತದೆ.

ಇಂಟೆಲ್ ಎನ್100 ಮಿನಿ ಪಿಸಿ

ಹೊಸದಾಗಿ ಕೊಂಡು, ಒಂದೇ ಪೆಟ್ಟಿಗೆಯಲ್ಲಿ ರೆಕಾರ್ಡಿಂಗೂ ನೋಡುವುದೂ ಎರಡೂ ಆಗಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. 2023ರ ಆರಂಭದಲ್ಲಿ ಬಂದ ಚಿಪ್. ನಾಲ್ಕು ಕೋರ್. ಎಂಪೆಗ್-2, ಎಚ್.264, 10 ಬಿಟ್ ಎಚ್.265, ವಿಪಿ9, ಎವಿ1 ಇಷ್ಟನ್ನೂ ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ. ಜೆಲ್ಲಿಫಿನ್ ಅನ್ನುವ ತಂತ್ರಾಂಶ ಹಾಕಿ ರೆಕಾರ್ಡಿಂಗನ್ನು ಮೊಬೈಲಿಗೆ ಕಳಿಸುವಾಗ ಚಿಪ್‌ನ ಕ್ವಿಕ್ ಸಿಂಕ್ ಭಾಗ ಫೈಲಿನ ರೂಪ ಬದಲಿಸುವ ಕೆಲಸ ನೋಡಿಕೊಳ್ಳುತ್ತದೆ. ಪ್ರೊಸೆಸರ್‌ಗೆ ಹೊರೆ ಬೀಳುವುದಿಲ್ಲ. ನಂತರ ಬಂದ ಎನ್150 ಇದಕ್ಕಿಂತ ತುಸು ವೇಗ, ಅಷ್ಟೇ. ಯಾವುದು ಅಗ್ಗಕ್ಕೆ ಸಿಗುತ್ತದೋ ಅದನ್ನು ತಗೊಳ್ಳಿ. ಎನ್95 ಬೇರೆ. ಅದರ ಟಿಡಿಪಿ 15 ವಾಟ್, ಗ್ರಾಫಿಕ್ಸ್ ಭಾಗವೂ ಚಿಕ್ಕದು. ಬೆಲೆ ಒಂದೇ ಇದ್ದರೆ ಎನ್100 ಮೇಲು.

ಟಿವಿ ಪ್ರಸಾರಕ್ಕೆ ಇಂಟೆಲ್ ಗ್ರಾಫಿಕ್ಸ್ ಹೊಂದುವುದಕ್ಕೆ ಒಂದು ವಿಶೇಷ ಕಾರಣ ಇದೆ. ನಮ್ಮ ಸಾಮಾನ್ಯ ಚಾನೆಲ್‌ಗಳು 576ಐ, ಅಂದರೆ ಇಂಟರ್‌ಲೇಸ್ ಆಗಿ ಬರುತ್ತವೆ. ಪ್ರತಿ ಚಿತ್ರವನ್ನು ಸಾಲು ಬಿಟ್ಟು ಸಾಲು ಎರಡು ಭಾಗ ಮಾಡಿ ಕಳಿಸುತ್ತಾರೆ. ಇಂದಿನ ಟಿವಿ ಪರದೆಯಲ್ಲಿ ಅದನ್ನು ಸರಿಯಾಗಿ ಜೋಡಿಸದಿದ್ದರೆ ಓಡುವ ಮನುಷ್ಯನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಕ್ರೀಡೆ, ದಸರೆಯ ಜಂಬೂ ಸವಾರಿಯಂಥ ನೇರಪ್ರಸಾರ, ಪರದೆಯ ಕೆಳಗೆ ಓಡುವ ಸುದ್ದಿ ಸಾಲು ಇವುಗಳಲ್ಲಿ ಬೇಗ ಗೊತ್ತಾಗುತ್ತದೆ. ಇಂಟೆಲ್ ಗ್ರಾಫಿಕ್ಸ್‌ನಲ್ಲಿ ಚಲನೆಯನ್ನು ಗಮನಿಸಿ ಜೋಡಿಸುವ ಸೌಲಭ್ಯ ಹಾರ್ಡ್‌ವೇರ್‌ನಲ್ಲೇ ಇದೆ. ಕೋಡಿ ಅದನ್ನು ಬಳಸುತ್ತದೆ. ದೊಡ್ಡ ಪರದೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕೊರತೆ ಏನು? ಹೆಚ್ಚಿನ ಮಿನಿ ಪಿಸಿಗಳಲ್ಲಿ ಸಿಇಸಿ ಇಲ್ಲ. ಟಿವಿ ರಿಮೋಟ್ ಕೆಲಸ ಮಾಡಲ್ಲ. ಟ್ಯೂನರ್ ಕಾರ್ಡಿಗೆ ಜಾಗವೂ ಇಲ್ಲ, ಯುಎಸ್‌ಬಿ ಅಥವಾ ಸ್ಯಾಟ್ ಐಪಿಯೇ ಗತಿ.

ಸೆಕೆಂಡ್ ಹ್ಯಾಂಡ್ ಆಫೀಸ್ ಮಿನಿ ಪಿಸಿ

ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಇವನ್ನು ಹೊರಹಾಕುತ್ತವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಕಟ್ಟುವಿಕೆ ಗಟ್ಟಿ. ಬಿಡಿಭಾಗ ಸಿಗುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಒಳಗೇ 2.5 ಇಂಚಿನ ಡಿಸ್ಕಿಗೂ ಜಾಗ ಇರುತ್ತದೆ.

ಇಲ್ಲಿ ನೋಡಬೇಕಾದ್ದು ಇಂಟೆಲ್‌ನ ಪೀಳಿಗೆ. ಆರನೇ ಪೀಳಿಗೆಯ ಚಿಪ್ 8 ಬಿಟ್ ಎಚ್.265 ಮಾತ್ರ ಹಾರ್ಡ್‌ವೇರ್‌ನಲ್ಲಿ ಬಿಡಿಸುತ್ತದೆ. ಏಳನೆಯದರಿಂದ 10 ಬಿಟ್ ಎಚ್.265, ವಿಪಿ9 ಎರಡೂ ಬರುತ್ತವೆ. ಎವಿ1 ಬೇಕೆಂದರೆ 11ನೇ ಪೀಳಿಗೆಗೆ ಹೋಗಬೇಕು. ಬರೀ ಫ್ರೀ ಡಿಶ್ ರೆಕಾರ್ಡಿಂಗ್ ಆದರೆ ಆರನೇ ಪೀಳಿಗೆಯೂ ಸಾಕು. ಜೊತೆಗೆ 4ಕೆ ಸಿನಿಮಾ ಫೈಲ್‌ಗಳೂ ಇದ್ದರೆ ಏಳಕ್ಕಿಂತ ಕೆಳಗೆ ಇಳಿಯಬೇಡಿ. ಚಿಪ್ ಹೆಸರಿನ ಕೊನೆಯಲ್ಲಿ ‘ಟಿ’ ಇದ್ದರೆ ಕಡಿಮೆ ಶಾಖದ್ದು, ಅದನ್ನೇ ಹುಡುಕಿ.

ಟ್ಯೂನರ್ ಕಾರ್ಡೇ ಬೇಕು ಅನ್ನುವವರಿಗೂ ಇಲ್ಲಿ ದಾರಿ ಇದೆ. ಥಿಂಕ್‌ಸೆಂಟರ್ ಎಂ720ಕ್ಯೂ ಮಾಡೆಲ್‌ಗೆ ರೈಸರ್ ಅನ್ನುವ ಜೋಡಣೆ ತುಣುಕು ಹಾಕಿದರೆ ಒಂದು ಅರ್ಧ ಎತ್ತರದ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಕೂರುತ್ತದೆ. ಆದರೆ ಆಗ 2.5 ಇಂಚಿನ ಡಿಸ್ಕಿನ ಜಾಗ ಬಿಟ್ಟುಕೊಡಬೇಕು.

ಹಳೆಯ ಲ್ಯಾಪ್‌ಟಾಪ್ ಕೂಡ ಕೆಟ್ಟ ಆಯ್ಕೆ ಅಲ್ಲ. ಪರದೆ ಆರಿಸಿಟ್ಟರೆ ಅದೂ ಹತ್ತು ವಾಟ್ ಆಸುಪಾಸಿಗೆ ಬರುತ್ತದೆ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ರೆಕಾರ್ಡಿಂಗ್ ನಿಲ್ಲಲ್ಲ. ಆದರೆ ವರ್ಷಗಟ್ಟಲೆ ಪೂರ್ತಿ ಚಾರ್ಜ್‌ನಲ್ಲೇ ಇದ್ದರೆ ಬ್ಯಾಟರಿ ಊದಿಕೊಳ್ಳುತ್ತದೆ. ಚಾರ್ಜ್ ಮಿತಿಯನ್ನು 60ಕ್ಕೋ 80ಕ್ಕೋ ಇಡುವ ಸೌಲಭ್ಯ ಇರುವ ಮಾಡೆಲ್ ಆದರೆ ಮಾತ್ರ ಈ ದಾರಿ ಹಿಡಿಯಿರಿ. ಇಲ್ಲದಿದ್ದರೆ ಬೇಡ.

ಇನ್ನು ಯುಎಸ್‌ಬಿ ರೆಕಾರ್ಡಿಂಗ್ ಇರುವ ಅಗ್ಗದ ಫ್ರೀ ಡಿಶ್ ಬಾಕ್ಸ್. ವಾರಕ್ಕೆ ಒಂದೋ ಎರಡೋ ಕಾರ್ಯಕ್ರಮ ಮಾತ್ರ ರೆಕಾರ್ಡ್ ಆಗಬೇಕು, ಒಂದೇ ಟಿವಿ ಇದೆ ಅಂದರೆ ಅದೇ ಸಾಕು. ಪೆನ್‌ಡ್ರೈವ್ ಚುಚ್ಚಿ ಟೈಮರ್ ಹಾಕಿ. ಕಂಪ್ಯೂಟರ್ ಬೇಡವೇ ಬೇಡ.

ಎರಡು ಪೆಟ್ಟಿಗೆ ಮಾಡಿದರೆ

ಇದು ಬಹಳಷ್ಟು ಜನಕ್ಕೆ ಹೊಳೆಯದ ದಾರಿ. ರೆಕಾರ್ಡ್ ಮಾಡುವ ಯಂತ್ರ ಟಿವಿ ಪಕ್ಕದಲ್ಲೇ ಇರಬೇಕಾಗಿಲ್ಲ. ಡಿಶ್ ತಂತಿ ಎಲ್ಲಿ ಇಳಿಯುತ್ತದೋ ಅಲ್ಲಿ ಒಂದು ಪೈ 4, ಟ್ಯೂನರ್, ಡಿಸ್ಕ್ ಇಟ್ಟು ಟಿವಿಹೆಡ್‌ಎಂಡ್ ಓಡಿಸಿ. ಹಾಲ್‌ನಲ್ಲಿ ಈಗಾಗಲೇ ಆಂಡ್ರಾಯ್ಡ್ ಟಿವಿ ಇದ್ದರೆ ಅದರಲ್ಲೇ ಕೋಡಿ ಹಾಕಿ, ಟಿವಿಹೆಡ್‌ಎಂಡ್ ಆಡ್‌ಆನ್ ಸೇರಿಸಿ. ಮುಗಿಯಿತು. ಡಿಕೋಡ್ ಮಾಡುವ ಚಿಪ್, ರಿಮೋಟ್, ಪರದೆ ಎಲ್ಲ ಟಿವಿಯದ್ದೇ. ಹೊಸದಾಗಿ ಕೊಳ್ಳುವುದು ರೆಕಾರ್ಡಿಂಗ್ ಭಾಗ ಮಾತ್ರ. ರೂಮಿನಲ್ಲಿ ಇನ್ನೊಂದು ಟಿವಿ ಇದ್ದರೆ ಅದಕ್ಕೂ ಅದೇ ರೆಕಾರ್ಡಿಂಗ್ ಸಿಗುತ್ತದೆ. ಎರಡರ ನಡುವೆ ಸಾಧ್ಯವಾದಷ್ಟು ತಂತಿಯೇ ಇರಲಿ.

ಓಟಿಟಿ ಆ್ಯಪ್‌ಗಳಿಗೂ ಇದೇ ಒಳ್ಳೆಯ ಹೊಂದಾಣಿಕೆ. ಆ ಆ್ಯಪ್‌ಗಳು ತಮ್ಮ ಪೂರ್ತಿ ಗುಣಮಟ್ಟದ ಚಿತ್ರವನ್ನು ಮಾನ್ಯತೆ ಪಡೆದ ಟಿವಿ, ಸ್ಟಿಕ್‌ಗಳಿಗೆ ಕೊಡುತ್ತವೆ. ಲಿನಕ್ಸ್ ಪೆಟ್ಟಿಗೆಗೆ 4ಕೆ ಕೊಡುವುದಿಲ್ಲ. ಎಲ್ಲವನ್ನೂ ಒಂದೇ ಕಂಪ್ಯೂಟರ್‌ನಲ್ಲಿ ಸೇರಿಸಬೇಕು ಅನ್ನುವ ಹಠ ಬೇಡ.

ಆದರೂ ಒಂದೇ ಪೆಟ್ಟಿಗೆ ಬೇಕು, ಅದೂ ಮಿನಿ ಪಿಸಿಯೇ ಅಂದರೆ ರಿಮೋಟ್‌ಗೆ ಬೇರೆ ವ್ಯವಸ್ಥೆ ಮಾಡಲೇಬೇಕು. ಫ್ಲರ್ಕ್ ಅನ್ನುವ ಯುಎಸ್‌ಬಿ ತುಣುಕು ಯಾವ ಹಳೇ ರಿಮೋಟನ್ನಾದರೂ ಕಲಿತುಕೊಳ್ಳುತ್ತದೆ. ಪಲ್ಸ್-ಏಯ್ಟ್‌ನ ಅಡಾಪ್ಟರ್ ಹಾಕಿದರೆ ಸಿಇಸಿಯೇ ಬರುತ್ತದೆ. ಈ ಖರ್ಚನ್ನು ಕಡೆಗಣಿಸಬೇಡಿ. ಅಜ್ಜಿ ರಿಮೋಟ್ ಹಿಡಿದು ನಿನ್ನೆಯ ಧಾರಾವಾಹಿ ತಾವೇ ಹಾಕಿಕೊಳ್ಳುವಂತಿರಬೇಕು. ಕೀಬೋರ್ಡ್ ಬೇಕಾಗುವ ಯಂತ್ರವನ್ನು ಮನೆಯವರು ಬಳಸುವುದಿಲ್ಲ.

ಡಿಸ್ಕ್

ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಒಂದು ಟಿಬಿಯಲ್ಲಿ 3 ಮೆಗಾಬಿಟ್‌ನ ಚಾನೆಲ್ 740 ಗಂಟೆ ಹಿಡಿಯುತ್ತದೆ. 3.5 ಇಂಚಿನ ದೊಡ್ಡ ಡಿಸ್ಕ್ ತಿರುಗುತ್ತಿದ್ದರೆ ಅದೊಂದೇ ನಾಲ್ಕೈದು ವಾಟ್, ಅಂದರೆ ಪೈಗಿಂತಲೂ ಜಾಸ್ತಿ. 2.5 ಇಂಚಿನದ್ದು ಒಂದೆರಡು ವಾಟ್. ಎಸ್‌ಎಸ್‌ಡಿ ಸವೆದುಹೋಗುತ್ತದೆ ಅನ್ನುವ ಹೆದರಿಕೆ ಕೆಲವರಿಗೆ ಇದೆ. ದಿನಕ್ಕೆ ನಾಲ್ಕು ಗಂಟೆ ರೆಕಾರ್ಡ್ ಮಾಡಿದರೂ ವರ್ಷಕ್ಕೆ ಬರೆಯುವುದು ಎರಡು ಟಿಬಿ ಅಷ್ಟೇ. ಸ್ಯಾಮ್‌ಸಂಗ್ 870 ಇವೊದ 500 ಜಿಬಿ ಡಿಸ್ಕಿಗೆ ಕಂಪನಿ ಕೊಡುವ ಭರವಸೆ 300 ಟಿಬಿ ಬರೆಯುವವರೆಗೆ. ಆದರೆ ಪೈನ ಮೆಮೊರಿ ಕಾರ್ಡಿನ ಮೇಲೆ ರೆಕಾರ್ಡ್ ಮಾಡಲೇಬೇಡಿ.

ಸಿಡಿಲು, ಸೆಕೆ, ಕರೆಂಟ್ ಕಟ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿಶ್ ಮಾಳಿಗೆಯ ಮೇಲಿರುತ್ತದೆ. ಅಲ್ಲಿಂದ ಲೋಹದ ತಂತಿ ನೇರ ಟ್ಯೂನರ್‌ಗೆ. ಹತ್ತಿರ ಎಲ್ಲೋ ಸಿಡಿಲು ಬಡಿದರೆ ಆ ತಂತಿಯಲ್ಲಿ ಬರುವ ಹೊಡೆತ ಟ್ಯೂನರ್ ಸುಡುತ್ತದೆ. ಟ್ಯೂನರ್ ಕಾರ್ಡ್ ಆಗಿದ್ದರೆ ಮದರ್‌ಬೋರ್ಡೂ ಹೋಗಬಹುದು. ಕರಾವಳಿ, ಮಲೆನಾಡಿನವರಿಗೆ ನಾನು ಕಾರ್ಡ್ ಬೇಡ ಅನ್ನುವುದು ಇದಕ್ಕೇ. ಅಲ್ಲಿ ಎರಡು ಪೆಟ್ಟಿಗೆಯ ವ್ಯವಸ್ಥೆಯೇ ಮೇಲು. ರೆಕಾರ್ಡ್ ಮಾಡುವ ಪೈ ಹೋದರೂ ದುಬಾರಿ ಟಿವಿ ಉಳಿಯುವ ಸಾಧ್ಯತೆ ಜಾಸ್ತಿ, ಅದರಲ್ಲೂ ನಡುವೆ ವೈಫೈ ಇದ್ದರೆ. ತಂತಿಯೇ ಇರಲಿ ಅಂತ ಮೇಲೆ ಹೇಳಿದ ಮಾತಿಗೆ ಈ ಊರುಗಳು ಹೊರತು. ಡಿಶ್‌ಗೆ ಅರ್ತಿಂಗ್ ಮಾಡಿಸಿ. ಗುಡುಗು ಜೋರಾದಾಗ ತಂತಿ ಬಿಚ್ಚಿಡಿ. ಮಳೆ ಜೋರಾದಾಗ ಕೆಯು ಬ್ಯಾಂಡ್ ಸಿಗ್ನಲ್ ಹೋಗುವುದನ್ನು ಯಾವ ಕಂಪ್ಯೂಟರೂ ತಡೆಯಲ್ಲ. ಅದಕ್ಕೆ ಇರುವುದು ದೊಡ್ಡ ಡಿಶ್ ಒಂದೇ. 60 ಸೆಂಟಿಮೀಟರ್ ಬದಲು 90ರದ್ದು ಹಾಕಿದರೆ ಸ್ವಲ್ಪ ತಡೆದುಕೊಳ್ಳುತ್ತದೆ.

ರಾಯಚೂರು, ಕಲಬುರಗಿ ಕಡೆ ಸಮಸ್ಯೆ ಸೆಕೆಯದ್ದು. ಫ್ಯಾನ್ ಇಲ್ಲದ ಪೆಟ್ಟಿಗೆ ಸದ್ದು ಮಾಡಲ್ಲ, ಧೂಳೂ ಎಳೆದುಕೊಳ್ಳಲ್ಲ. ಆದರೆ ಕೋಣೆಯೇ 40 ಡಿಗ್ರಿ ಇದ್ದಾಗ ಮುಚ್ಚಿದ ಟಿವಿ ಕಪಾಟಿನೊಳಗೆ ಇಟ್ಟರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಾಳಿಯಾಡುವ ಕಡೆ ಇಡಿ. ಅದಾಗದಿದ್ದರೆ ಫ್ಯಾನ್ ಇರುವುದನ್ನೇ ತಗೊಂಡು ಆಗಾಗ ಧೂಳು ಹೊಡೆಯಿರಿ.

ಕರೆಂಟ್ ಕಟ್‌ಗೆ ಎನ್100 ಪೆಟ್ಟಿಗೆಗಳಲ್ಲಿ ಒಂದು ಅನುಕೂಲ ಇದೆ. ಹಲವು ಮಾಡೆಲ್‌ಗಳು 12 ವೋಲ್ಟಿನ ಅಡಾಪ್ಟರ್‌ನಲ್ಲಿ ನಡೆಯುತ್ತವೆ. ವೈಫೈ ರೂಟರ್‌ಗೆ ಅಂತ ಸಿಗುವ ಸಣ್ಣ 12 ವೋಲ್ಟ್ ಯುಪಿಎಸ್‌ಗಳಲ್ಲಿ 3 ಆಂಪ್ ಕೊಡುವಂಥದ್ದು ಹುಡುಕಿದರೆ ಇದಕ್ಕೂ ಆಗುತ್ತದೆ. ಟ್ಯೂನರ್ ಅಡಾಪ್ಟರ್‌ಗೂ ಕರೆಂಟ್ ಬೇಕು ಅನ್ನುವುದನ್ನು ಮರೆಯಬೇಡಿ. ಆಫೀಸ್ ಪಿಸಿಗಳು 19, 20 ವೋಲ್ಟಿನವು, ಅವಕ್ಕೆ ಮನೆಯ ಇನ್ವರ್ಟರೇ ಆಗಬೇಕು. ಯಾವುದೇ ಪಿಸಿ ಆದರೂ ಬಯಾಸ್‌ಗೆ, ಅಂದರೆ ಪಿಸಿ ಶುರುವಾಗುವಾಗಿನ ಸೆಟ್ಟಿಂಗ್‌ಗೆ ಹೋಗಿ, ಕರೆಂಟ್ ಬಂದ ತಕ್ಷಣ ತಾನಾಗಿಯೇ ಆನ್ ಆಗುವ ಆಯ್ಕೆ ಹಾಕಿಡಿ. ನೀವು ಊರಿಗೆ ಹೋದಾಗ ಇದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಉಪಯೋಗವಿಲ್ಲ.

ಹೊರದೇಶದಲ್ಲಿರುವವರಿಗೆ

ಅಮೆರಿಕದಲ್ಲಿ ಆಂಟೆನಾದಿಂದಲೇ ಉಚಿತವಾಗಿ ಎಚ್‌ಡಿ ಸಿಗುತ್ತದೆ. ಅಲ್ಲಿ ನೆಟ್‌ವರ್ಕ್ ಟ್ಯೂನರ್ ಎಚ್‌ಡಿಹೋಮ್‌ರನ್ ತಗೊಳ್ಳಿ. ಅಲ್ಲಿನ ಹೊಸ ಪ್ರಸಾರ ಮಾನಕ ಎಟಿಎಸ್‌ಸಿ 3.0ರ ಕೆಲವು ಚಾನೆಲ್‌ಗಳಿಗೆ ಡಿಆರ್‌ಎಂ ಬೀಗ ಇದೆ, ಆದ್ದರಿಂದ ರೆಕಾರ್ಡಿಂಗ್‌ಗೆ ಹಳೆಯ ಎಟಿಎಸ್‌ಸಿ 1.0 ಟ್ಯೂನರೇ ನೆಮ್ಮದಿ. ಅಲ್ಲಿ ಎಂಪೆಗ್-2ರಲ್ಲಿ 1080ಐ ಚಿತ್ರ ಬರುತ್ತದೆ. ಡಿಸ್ಕ್ ದೊಡ್ಡದಿರಲಿ, ಒಂದೇ ಪೆಟ್ಟಿಗೆಯಾದರೆ ಪೈಗಿಂತ ಎನ್100 ಇರಲಿ. ಜರ್ಮನಿಯಲ್ಲಿರುವವರಿಗೆ 19.2 ಡಿಗ್ರಿ ಪೂರ್ವದ ಅಸ್ಟ್ರಾದಿಂದ ಅಲ್ಲಿನ ಸಾರ್ವಜನಿಕ ಚಾನೆಲ್‌ಗಳು ಲಾಕ್ ಇಲ್ಲದೆ ಎಚ್‌ಡಿಯಲ್ಲೇ ಬರುತ್ತವೆ. ಸ್ಯಾಟ್ ಐಪಿ ಪೆಟ್ಟಿಗೆಯೂ ಅಲ್ಲಿ ಸುಲಭವಾಗಿ ಸಿಗುತ್ತದೆ.

ಯಾವುದನ್ನು ಮೊದಲು ಕೊಳ್ಳಬೇಕು

ಟ್ಯೂನರನ್ನು. ಯುಎಸ್‌ಬಿಯದ್ದನ್ನು ತಂದು ಮನೆಯಲ್ಲಿ ಈಗಿರುವ ಲ್ಯಾಪ್‌ಟಾಪ್‌ಗೇ ಚುಚ್ಚಿ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ, ಟಿವಿಹೆಡ್‌ಎಂಡ್ ಹಾಕಿ, ಚಾನೆಲ್ ಹುಡುಕಿಸಿ. ಯಾವ ಚಾನೆಲ್ ಬರುತ್ತವೆ, ಯಾವುದಕ್ಕೆ ಲಾಕ್ ಇದೆ, ಸಿಗ್ನಲ್ ಗಟ್ಟಿ ಇದೆಯಾ, ಕಾರ್ಯಕ್ರಮ ಪಟ್ಟಿ ಸರಿಯಾಗಿ ಬರುತ್ತಾ ಅನ್ನುವುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಪಟ್ಟಿ ಸರಿಯಿಲ್ಲದಿದ್ದರೆ ಗಂಟೆ ನೋಡಿ ಟೈಮರ್ ಹಾಕಬೇಕು. ಆಗ ಆರಂಭಕ್ಕೆ ಎರಡು ನಿಮಿಷ, ಕೊನೆಗೆ ಹತ್ತು ನಿಮಿಷ ಜಾಸ್ತಿ ಬಿಡಿ. ಒಂದು ವಾರ ಹೀಗೆ ನಡೆಸಿ. ನಿಮಗೆ ಬೇಕಾದ ಕಾರ್ಯಕ್ರಮಗಳು ನಿಜವಾಗಿ ಡಿಸ್ಕಿಗೆ ಬಂದು ಬೀಳುತ್ತಿವೆ ಅಂತ ಗೊತ್ತಾದ ಮೇಲೆ ಮಿನಿ ಪಿಸಿಗೋ ಪೈಗೋ ದುಡ್ಡು ಹಾಕಿ.